ಮರ ಕಡಿಯಬೇಡಿ, ದರಕು ಗುಡಿಸಿ

ಪ್ರಶ್ನೆ: ಶಿರಸಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮ ಮನೆ. ಕೆಳಗೆ ಅಡಿಕೆ ತೋಟ, ಹಿಂದೆ ಏರಿನಲ್ಲಿ ಸೊಪ್ಪಿನ ಬೆಟ್ಟ (ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಜಾಗ), ಅದರಾಚೆ ಕಾಡು. ಪಡುವಲ ಬದಿಗೆ ಮನೆಗಿಂತ ತಗ್ಗಿನಲ್ಲಿ ರಸ್ತೆವರೆಗೂ ಹಬ್ಬಿದ ಬ್ಯಾಣ, ಅಂದರೆ ಹುಲ್ಲುಗಾವಲು. ಹದಿನಾಲ್ಕು ವರ್ಷ ಬೆಂಗಳೂರಿನಲ್ಲಿದ್ದು ಹೋದ ವರ್ಷ ಊರಿಗೆ ಮರಳಿದೆ. ಮಾರ್ಚ್‌ನಲ್ಲಿ ಬೆಟ್ಟಕ್ಕೆ ಬೆಂಕಿ ಬಿದ್ದು ಕೊಟ್ಟಿಗೆಯಿಂದ ನೂರು ಮಾರು ದೂರದವರೆಗೂ ಬಂತು. ಕ್ಯಾಲಿಫೋರ್ನಿಯಾದಲ್ಲಿರುವ ತಂಗಿ, ‘ಮನೆ ಸುತ್ತ 100 ಅಡಿ ಮರ ಎಲ್ಲ ತೆಗೆಸಿಬಿಡು, ಇಲ್ಲಿ ಹಾಗೇ ಕಾನೂನು’ ಎನ್ನುತ್ತಾಳೆ. ಅಪ್ಪ, ‘ಡಿಸೆಂಬರಿನಲ್ಲಿ ನಾವೇ ಬೆಟ್ಟಕ್ಕೆ ಬೆಂಕಿ ಕೊಟ್ಟರೆ ಆಯ್ತು, ಉಣುಗೂ (ರಕ್ತ ಹೀರುವ ಉಣ್ಣೆ) ಸಾಯುತ್ತದೆ’ ಎನ್ನುತ್ತಾರೆ. ಅವರಿಗೆ 76 ವರ್ಷ, ಬಿಪಿ ಮಾತ್ರೆ ನಡೆಯುತ್ತಿದೆ, ಏಪ್ರಿಲ್‌ನ ಸೆಕೆಗೆ ತತ್ತರಿಸಿ ಹೋಗಿದ್ದರು. ಯಾರ ಮಾತು ಕೇಳಲಿ?

ಉತ್ತರ:

ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ಆದರೆ ಇಬ್ಬರು ಹೇಳಿದ್ದನ್ನೂ ಹಾಗೇ ಮಾಡಿದರೆ ನಿಮ್ಮ ಮನೆ ಈಗಿನದಕ್ಕಿಂತ ಬಿಸಿಯಾಗುತ್ತದೆ, ಬೆಂಕಿಗೂ ಹತ್ತಿರವಾಗುತ್ತದೆ.

ತಂಗಿಯ ಮಾತಿನಿಂದ ಶುರುಮಾಡುತ್ತೇನೆ. ಆಕೆ ಕಂಡ ಬೆಂಕಿಯೇ ಬೇರೆ. 2018ರ ನವೆಂಬರ್ 8ರಂದು ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಎಂಬ ಊರು ಒಂದೇ ದಿನದಲ್ಲಿ ಬೂದಿಯಾಯಿತು. 85 ಜನ ಸತ್ತರು, 18,000ಕ್ಕೂ ಹೆಚ್ಚು ಕಟ್ಟಡಗಳು ಹೋದವು. ಆ ಊರಿನ ಫೋಟೊಗಳನ್ನು ಗಮನವಿಟ್ಟು ನೋಡಿ. ಮನೆ ತಳಪಾಯದವರೆಗೆ ಸುಟ್ಟಿದೆ, ಪಕ್ಕದ ಪೈನ್ ಮರ ಎಷ್ಟೋ ಕಡೆ ಹಸಿರಾಗಿಯೇ ನಿಂತಿದೆ. ಮನೆ ಸುಟ್ಟದ್ದು ಮರದ ಜ್ವಾಲೆ ತಾಗಿ ಅಲ್ಲ. ಗಾಳಿಯಲ್ಲಿ ತೂರಿಬಂದ ಕೆಂಡ ಮಾಡಿನ ಸಂದಿಗೆ, ಮೆಟ್ಟಿಲ ಬುಡದ ಒಣ ಎಲೆಗೆ ಬಿದ್ದದ್ದರಿಂದ, ಆಮೇಲೆ ಒಂದು ಮನೆಯ ಉರಿ ಪಕ್ಕದ ಮನೆಗೆ ದಾಟಿದ್ದರಿಂದ. ಅಲ್ಲಿನ 100 ಅಡಿ ನಿಯಮವೂ ಮರಗಳನ್ನು ಪೂರಾ ನೆಲಸಮ ಮಾಡಿ ಎನ್ನುವುದಿಲ್ಲ. ಕೆಳರೆಂಬೆ ಸವರಿ, ಮರದಿಂದ ಮರಕ್ಕೆ ಅಂತರ ಇಡಿ, ಒಣಗಿದ್ದನ್ನು ತೆಗೆಯಿರಿ ಎನ್ನುತ್ತದೆ. ಇತ್ತೀಚೆಗೆ ಅವರು ಎಲ್ಲಕ್ಕಿಂತ ಹೆಚ್ಚು ಒತ್ತು ಕೊಡುತ್ತಿರುವುದು ಗೋಡೆಗೆ ತಾಗಿದ ಮೊದಲ 5 ಅಡಿಗೆ. ಆ ಪಟ್ಟಿಯಲ್ಲಿ ಹತ್ತಿಕೊಳ್ಳುವಂಥದ್ದು ಏನೂ ಇರಬಾರದು. ತಂಗಿಯ ಮಾತಿನಲ್ಲಿ ನಿಮಗೆ ಬೇಕಾದದ್ದು ಇದೊಂದೇ.

ನಮ್ಮ ಘಟ್ಟದ ಕಾಡಿನ ಬೆಂಕಿ ಬಹುಮಟ್ಟಿಗೆ ನೆಲದಲ್ಲೇ ಓಡುತ್ತದೆ. ದರಕು ಅಂದರೆ ಉದುರಿದ ಒಣ ಎಲೆ, ಒಣ ಹುಲ್ಲು, ಪೊದೆ ಅದರ ಆಹಾರ. ಮತ್ತಿ, ನಂದಿ, ಹೊನ್ನೆ ಮರಗಳ ತಲೆಗೆ ಅದು ಏರುವುದು ಅಪರೂಪ. ಮೇಲಿನ ನೆರಳು ದಟ್ಟವಾಗಿದ್ದಷ್ಟೂ ನೆಲದಲ್ಲಿ ತೇವ ಉಳಿಯುತ್ತದೆ, ಹುಲ್ಲು ಬೆಳೆಯುವುದಿಲ್ಲ. 100 ಅಡಿ ಮರ ಕಡಿದಿರೆಂದುಕೊಳ್ಳಿ. ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ಆ ಜಾಗದಲ್ಲಿ ಆಳೆತ್ತರದ ಕಮ್ಯುನಿಸ್ಟ್ ಗಿಡವೆಂಬ ಕಳೆ, ಲಂಟಾನ, ಕರಡ ಹುಲ್ಲು ತುಂಬಿರುತ್ತದೆ. ಫೆಬ್ರವರಿಯಲ್ಲಿ ಅದೆಲ್ಲ ಒಣಗಿ ನಿಂತಾಗ, ಮೊಣಕಾಲೆತ್ತರ ಉರಿಯಬೇಕಾಗಿದ್ದ ಬೆಂಕಿ ಮಾಡಿನೆತ್ತರ ಉರಿಯುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ 10,000 ಎಕರೆಗೂ ಮಿಕ್ಕಿ ಸುಟ್ಟಾಗ ಒಣಗಿ ನಿಂತಿದ್ದ ಲಂಟಾನದ ಮೆಳೆಗಳೇ ಕಿಚ್ಚಿಗೆ ಕಸುವು ಕೊಟ್ಟಿದ್ದು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ನೀರು ಸುರಿದವು. ಟಿವಿಯಲ್ಲಿ ಎಲ್ಲರೂ ನೋಡಿದ್ದು ಹೆಲಿಕಾಪ್ಟರನ್ನು. ನೆಲದ ಮೇಲೆ ಹಸಿ ಸೊಪ್ಪಿನ ಕಂತೆ ಹಿಡಿದು ಬಡಿದವರನ್ನು ಯಾರು ನೋಡಿದರು?

ಸೆಕೆಯ ಲೆಕ್ಕವನ್ನೂ ಮರೆಯಬೇಡಿ. ಮನೆಯ ಪಡುವಣದ ಹಲಸು, ಮಾವು ಕಡಿದರೆ ಮಧ್ಯಾಹ್ನದ ಬಿಸಿಲು ನೇರ ಗೋಡೆಗೆ ಬೀಳುತ್ತದೆ. ಹಾಗಾಗಿ ಮರ ಇರಲಿ. ಮಾಡಿನ ಮೇಲೆ ಬಾಗಿದ ಒಣ ಗೆಲ್ಲುಗಳನ್ನು ಕಡಿಸಿ, ಉಳಿದ ಮರಗಳ ಕೆಳರೆಂಬೆಗಳನ್ನು ಆಳೆತ್ತರದವರೆಗೆ ಸವರಿ, ಬುಡ ಗುಡಿಸಿ. ಅಷ್ಟೇ.

ಈಗ ಅಪ್ಪನ ಮಾತು. ಬೇಗ ಕೊಟ್ಟ ಬೆಂಕಿ ತಣ್ಣಗಿನ ಬೆಂಕಿ ಎಂಬ ತಿಳಿವಳಿಕೆ ಹಳೆಯದು, ತಪ್ಪೂ ಅಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಚಳಿ ಮುಗಿಯುವ ಹೊತ್ತಿಗೆ ಕೊಡುತ್ತಿದ್ದ ಬೆಂಕಿಗೆ ‘ತರಗು ಬೆಂಕಿ’ ಎಂದೇ ಹೆಸರು. ನೆಲದಲ್ಲಿನ್ನೂ ತೇವ ಇರುವಾಗ ತರಗೆಲೆ ಮಾತ್ರ ಸುಟ್ಟು ತಾನಾಗಿ ಆರುತ್ತಿತ್ತು. 1974ರಲ್ಲಿ ಅದು ವನ್ಯಧಾಮವಾದ ಮೇಲೆ ಆ ರೂಢಿ ನಿಂತಿತು. ಲಂಟಾನ ಹಬ್ಬಿದ್ದಕ್ಕೂ ನೆಲ್ಲಿ ಮರಕ್ಕೆ ಬಂದಳಿಕೆ ಹತ್ತಿದ್ದಕ್ಕೂ ಬೆಂಕಿ ನಿಂತದ್ದೇ ಕಾರಣ ಎಂದು ಸೋಲಿಗರು ಇಂದಿಗೂ ವಾದಿಸುತ್ತಾರೆ. ನನಗೆ ಅವರ ವಾದದಲ್ಲಿ ತೂಕ ಕಾಣುತ್ತದೆ. ಆದರೆ ಅದು ಇಡೀ ಪೋಡಿನ (ಸೋಲಿಗರ ಹಾಡಿಯ) ಜನ ಕಾಡಿನ ಮೂಲೆ ಮೂಲೆ ಬಲ್ಲವರಾಗಿ ಮಾಡುತ್ತಿದ್ದ ಕೆಲಸ. ನೀವು, ನಿಮ್ಮಪ್ಪ, ಒಬ್ಬ ಆಳು ಸೇರಿ ಮಾಡುವಂಥದ್ದಲ್ಲ. ಮೇಲಾಗಿ ಸೊಪ್ಪಿನ ಬೆಟ್ಟ ನಿಮ್ಮ ಅನುಭೋಗದಲ್ಲಿದ್ದರೂ ಕಾನೂನಿನ ಕಣ್ಣಿಗೆ ಅರಣ್ಯ. ನೀವು ಕೊಟ್ಟ ಬೆಂಕಿ ದಾಟಿ ಹೋದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಕೇಸು ನಿಮ್ಮ ಮೇಲೆಯೇ. ನಿಜವಾಗಿ ಬೇಕೆನ್ನಿಸಿದರೆ ಗ್ರಾಮ ಅರಣ್ಯ ಸಮಿತಿಯ ಮೂಲಕ ಕೇಳಿ. ಅರಣ್ಯ ಇಲಾಖೆಯವರು ಬೆಂಕಿ ರೇಖೆಯನ್ನು (ಬೆಂಕಿ ದಾಟದಂತೆ ಮೊದಲೇ ಬೋಳು ಮಾಡುವ ಪಟ್ಟಿ) ಸುಡುವ ದಿನವೇ ನಿಮ್ಮ ಬದಿಯನ್ನೂ ಅವರ ಕಣ್ಣೆದುರೇ ಮುಗಿಸಿಕೊಳ್ಳಬಹುದು.

ಉಣುಗಿನ ಮಾತನ್ನು ತಳ್ಳಿಹಾಕುವ ಹಾಗಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 2024ರಲ್ಲಿ ನಿಮ್ಮ ಪಕ್ಕದ ಸಿದ್ದಾಪುರ ತಾಲ್ಲೂಕನ್ನು ಕಾಡಿದ್ದು ನಿಮಗೆ ಗೊತ್ತೇ ಇದೆ. ಬೆಂಕಿಗೆ ಒಂದಷ್ಟು ಉಣುಗು ಸಾಯುವುದು ನಿಜ. ಆದರೆ ದನದ, ಮಂಗನ, ಇಲಿಯ ಮೈಮೇಲೆ ಕೂತು ಮತ್ತೆ ಬರುತ್ತವೆ. ಕಾಯಿಲೆಯ ಕಾಲ ಡಿಸೆಂಬರ್‌ನಿಂದ ಮೇ, ನಾನು ನಿಮಗೆ ದರಕು ಗುಡಿಸಲು ಹೇಳುತ್ತಿರುವುದೂ ಸರಿಯಾಗಿ ಅದೇ ಕಾಲದಲ್ಲಿ. ಹಾಗಾಗಿ ಬೆಟ್ಟಕ್ಕೆ ಹೋಗುವ ಪ್ರತಿಯೊಬ್ಬರೂ ಉಣುಗು ಹತ್ತದಂತೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೇಪಾ ತೈಲ ಕೈಕಾಲಿಗೆ ಹಚ್ಚಿಕೊಳ್ಳಲಿ, ಉದ್ದ ತೋಳಿನ ಅಂಗಿ ಹಾಕಲಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಲಿ. ಮನೆಗೆ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ, ಮೈಗೆ ಸ್ನಾನ. ಹತ್ತಿರದಲ್ಲಿ ಸತ್ತ ಮಂಗ ಕಂಡಿದ್ದರೆ ಆ ಕಡೆ ಗುಡಿಸುವುದೇ ಬೇಡ, ಮೊದಲು ಆರೋಗ್ಯ ಇಲಾಖೆಗೆ ಹೇಳಿ.

ಹಿಂದೆ ಬೆಟ್ಟಕ್ಕೆ ಬೆಂಕಿ ಬಿದ್ದರೂ ಮನೆಯವರೆಗೆ ಬರುತ್ತಿರಲಿಲ್ಲ ಎಂದು ಅಪ್ಪ ಹೇಳಿರಬಹುದು. ಕಾರಣ ಸರಳ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಕೊಟ್ಟಿದ್ದು ಸುಮ್ಮನೆ ಅಲ್ಲ. ಅಷ್ಟೂ ಬೆಟ್ಟದ ಸೊಪ್ಪು, ದರಕು ಕೊಟ್ಟಿಗೆಗೆ ಬಂದು, ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತಿತ್ತು. ಬೆಟ್ಟದ ನೆಲ ಗುಡಿಸಿದ ಅಂಗಳದಂತೆ ಇರುತ್ತಿತ್ತು. ಈಗ ಕೊಟ್ಟಿಗೆಯಲ್ಲಿ ಎರಡು ದನ, ಹೊರುವ ಆಳಿಗೆ ಕೂಲಿ ಕೊಟ್ಟು ಪೂರೈಸುವುದಿಲ್ಲ, ಗೊಬ್ಬರ ಲಾರಿಯಲ್ಲಿ ಬರುತ್ತದೆ. ಬೆಟ್ಟದಲ್ಲಿ ನಾಲ್ಕು ವರ್ಷದ ದರಕು ಹಾಗೇ ಬಿದ್ದಿದೆ. ಪಕ್ಕದಲ್ಲಿ ಅಕೇಶಿಯ ನೆಡುತೋಪು ಇದ್ದರಂತೂ ಆ ಎಲೆ ಬೇಗ ಕೊಳೆಯುವುದೂ ಇಲ್ಲ. ಇಡೀ ಬೆಟ್ಟ ಗುಡಿಸಿ ಎಂದು ನಾನು ಹೇಳುತ್ತಿಲ್ಲ. ಮನೆ, ಕೊಟ್ಟಿಗೆಯ ಹಿಂದಿನ 30 ಅಡಿಯನ್ನಾದರೂ ಹಳೇ ಕಾಲದ ಹಾಗೆ ಇಡಿ. ಗುಡಿಸಿದ್ದನ್ನು ರಾಶಿ ಹಾಕಿ ಸುಡಬೇಡಿ, ಅಡಿಕೆ ಬುಡಕ್ಕೆ ಹೊದಿಸಿ. ತೇವ ಉಳಿದು ಬೇಸಿಗೆಯ ನೀರಿನ ಖರ್ಚೂ ಇಳಿಯುತ್ತದೆ.

ಆ 30 ಅಡಿಯ ಅಂಚಿನಲ್ಲಿ ಮಣ್ಣು ಕಾಣುವ ಹಾಗೆ ಕೆರೆದು ಒಂದು ಬೆಂಕಿ ರೇಖೆ ಮಾಡಿ. ದರಕಿಗೆ ಹತ್ತು ಅಡಿ ಅಗಲ ಸಾಕು, ಹುಲ್ಲಿಗೆ ಅದರ ಎರಡರಷ್ಟು ಬೇಕು. ಇಲ್ಲೊಂದು ತಪ್ಪನ್ನು ಎಲ್ಲರೂ ಮಾಡುತ್ತಾರೆ, ನಾನೂ ಮಾಡಿದ್ದೇನೆ. ಡಿಸೆಂಬರಿನಲ್ಲಿ ರೇಖೆ ಎಳೆದು ನಿಶ್ಚಿಂತೆಯಿಂದ ಕೂರುವುದು. ನಮ್ಮ ಎಲೆ ಉದುರುವ ಮರಗಳು ನಿಜವಾಗಿ ಬೋಳಾಗುವುದು ಜನವರಿಯಿಂದ ಮಾರ್ಚ್ ನಡುವೆ. ಫೆಬ್ರವರಿಯ ಹೊತ್ತಿಗೆ ನಿಮ್ಮ ರೇಖೆ ಎಲೆಯಡಿ ಮುಚ್ಚಿ, ಎಲ್ಲಿತ್ತೆಂದು ಹುಡುಕುವ ಹಾಗಾಗಿರುತ್ತದೆ. ಒಂದು ವರ್ಷ ನಾನು ಹೀಗೆ ರೇಖೆಯನ್ನು ನಂಬಿ ಕೂತಿದ್ದಾಗ, ಬೆಂಕಿ ಅದನ್ನು ದಾಟಿದ್ದು ನಮಗೆ ಗೊತ್ತಾದದ್ದು ಹುಲ್ಲಿನ ಗೊಣಬೆ (ಬಣವೆ) ಹೊತ್ತಿದಾಗ. ಆದ್ದರಿಂದ ಫೆಬ್ರವರಿ ಕೊನೆಗೆ ಇನ್ನೊಂದು ಸಲ, ಆಗಲೂ ಎಲೆ ಬೀಳುತ್ತಿದ್ದರೆ ಮಾರ್ಚ್‌ನಲ್ಲಿ ಮತ್ತೊಂದು ಸಲ. ಈಗ ಬೆನ್ನಿಗೆ ಹಾಕಿಕೊಳ್ಳುವ ಬ್ಲೋವರ್ ಸಿಗುತ್ತದಲ್ಲ, ಈ ಎರಡನೇ ಸುತ್ತಿಗೆ ಅದು ಒಳ್ಳೆಯ ಸಂಗಾತಿ, ಹತ್ತು ಆಳಿನ ಕೆಲಸವನ್ನು ಒಬ್ಬನೇ ಮುಗಿಸಬಹುದು. ಹುಲ್ಲು ಕೊಚ್ಚುವ ಯಂತ್ರವಾದರೆ ಬೆಳಗಿನ ಇಬ್ಬನಿ ಇರುವಾಗಲೇ ಓಡಿಸಿ. ಮಧ್ಯಾಹ್ನ ಅದರ ಬ್ಲೇಡು ಕಲ್ಲಿಗೆ ತಾಗಿ ಹಾರುವ ಒಂದು ಕಿಡಿ ಸಾಕು.

ನಿಮ್ಮ ಪತ್ರದಲ್ಲಿ ನೀವು ಹಗುರವಾಗಿ ಹೇಳಿ ದಾಟಿದ ಬ್ಯಾಣವೇ ನನಗೆ ಹೆಚ್ಚು ಆತಂಕ ತಂದದ್ದು. ಬೆಟ್ಟದ ಬೆಂಕಿ ನಿಮ್ಮ ಕಡೆಗೆ ಇಳಿದು ಬರಬೇಕು, ಇಳಿಯುವ ಬೆಂಕಿ ನಿಧಾನ. ತೋಟವಂತೂ ಹಸಿ, ಅಲ್ಲಿಂದ ಭಯವಿಲ್ಲ. ಬ್ಯಾಣ ಮಾತ್ರ ಮನೆಗಿಂತ ಕೆಳಗಿದೆ, ಒಣ ಹುಲ್ಲು, ಅಂಚಿನಲ್ಲಿ ರಸ್ತೆ, ಮಧ್ಯಾಹ್ನದ ಗಾಳಿ ಬೀಸುವುದೂ ಪಡುವಲಿಂದ. ಬೆಂಕಿ ಏರಿನಲ್ಲಿ ಓಡುವಾಗ ಇಳಿಜಾರು 10 ಡಿಗ್ರಿ ಹೆಚ್ಚಿದರೆ ವೇಗ ಸುಮಾರು ದುಪ್ಪಟ್ಟಾಗುತ್ತದೆ ಎಂಬ ಲೆಕ್ಕವಿದೆ. ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿಯಲ್ಲಿ 2018ರ ಮಾರ್ಚ್ 11ರಂದು 20ಕ್ಕೂ ಹೆಚ್ಚು ಚಾರಣಿಗರನ್ನು ಬಲಿ ತೆಗೆದುಕೊಂಡದ್ದು ಒಣ ಹುಲ್ಲಿನ ಇಳಿಜಾರಿನಲ್ಲಿ ಎದ್ದ ಬೆಂಕಿಯೇ. ಬೀಡಿ ತುಂಡೊಂದು ರಸ್ತೆ ಬದಿಗೆ ಬಿದ್ದರೆ ನಿಮ್ಮ ಅಂಗಳಕ್ಕೆ ಬೆಂಕಿ ಬರಲು ಕೆಲವೇ ನಿಮಿಷ ಸಾಕು. ಕರಡ ಹಣ್ಣಾಗುವ ಮೊದಲೇ, ನವೆಂಬರ್‌ನಲ್ಲೇ ಕೊಯ್ಸಿ. ಮೇವಿಗೆ, ಕೊಟ್ಟಿಗೆ ಹಾಸಲಿಗೆ ಯಾರಾದರೂ ಪುಕ್ಕಟೆ ಕೊಯ್ದುಕೊಂಡು ಹೋಗುವುದಾದರೂ ಬಿಟ್ಟುಕೊಡಿ. ರಸ್ತೆ ಅಂಚಿನ ಹದಿನೈದು ಅಡಿ ಬೇಸಿಗೆಯಿಡೀ ಬೋಳಾಗಿರಲಿ.

ಇನ್ನು ಮನೆ. ಹಂಚಿನ ಮನೆ ಬೆಂಕಿಗೆ ಹೆದರಬೇಕಿಲ್ಲ ಎಂಬ ನಂಬಿಕೆ ನಮ್ಮಲ್ಲಿದೆ. ಹಂಚು ಸುಡುವುದಿಲ್ಲ, ಸರಿ. ಹಂಚಿನ ಸಂದಿಯಲ್ಲಿ ನುಸುಳಿದ ಕೆಂಡ ಬೀಳುವುದು ಅಟ್ಟದ ಮೇಲೆ. ಅಟ್ಟದಲ್ಲಿ ಏನಿದೆ ಎಂದು ಒಮ್ಮೆ ಹತ್ತಿ ನೋಡಿ: ಗೋಣಿಚೀಲ, ಹಳೇ ಚಾಪೆ, ಒಣಗಿದ ಕಾಯಿ ಸಿಪ್ಪೆ, ಅಜ್ಜನ ಕಾಲದ ಪಂಚಾಂಗ. ಅದನ್ನು ಖಾಲಿ ಮಾಡಿ. ಮಾಡಿನ ನೀರು ಹರಿಯುವ ಹರಣಿಯಲ್ಲಿ ಕೂತ ಎಲೆ ತೆಗೆಯಿರಿ. ಗೋಡೆಗೆ ಒರಗಿಸಿದ ಕಟ್ಟಿಗೆ ರಾಶಿ, ಕೊಟ್ಟಿಗೆ ಪಕ್ಕದ ಹುಲ್ಲಿನ ಗೊಣಬೆ ಫೆಬ್ರವರಿಯೊಳಗೆ ಐವತ್ತು ಅಡಿ ದೂರ ಹೋಗಲಿ. ಮತ್ತೆ ಬಚ್ಚಲ ಒಲೆಯ ಬೂದಿ! ಎಷ್ಟೋ ಬೆಂಕಿಯ ಮೂಲ ಹುಡುಕುತ್ತ ಹೋದರೆ ಸಿಗುವುದು ತಿಪ್ಪೆಯಂಚಿಗೆ ಚೆಲ್ಲಿದ ಬೂದಿ. ಮೇಲೆ ತಣ್ಣಗಿದ್ದರೂ ಒಳಗಿನ ಕೆಂಡ ಮರುದಿನವೂ ಜೀವಂತ. ಹಳೇ ಹಂಡೆಯಲ್ಲಿ ಹಾಕಿ, ನೀರು ಹೊಯ್ದು, ಆಮೇಲೆ ಚೆಲ್ಲಿ.

ಅಂಗಳದ ಚಪ್ಪರದ ವಿಷಯದಲ್ಲಿ ಸೆಕೆಯೂ ಬೆಂಕಿಯೂ ಎದುರುಬದುರು ನಿಲ್ಲುತ್ತವೆ. ಅಡಿಕೆ ಸೋಗೆ ಹೊದಿಸಿದ ಚಪ್ಪರದಷ್ಟು ತಂಪು ಯಾವ ಫ್ಯಾನೂ ಕೊಡದು. ಆದರೆ ಏಪ್ರಿಲ್‌ನ ಸೋಗೆ ಎಂದರೆ ಬೆಂಕಿಕಡ್ಡಿಗೆ ಕಾದು ಕೂತ ಸೌದೆ, ಅದೂ ನಿಮ್ಮ ಮಾಡಿಗೆ ತಾಗಿಕೊಂಡು. ಹಸಿರು ನೆರಳು ಬಲೆ ಅದಕ್ಕಿಂತ ಮೇಲೆಂದು ತಿಳಿಯಬೇಡಿ, ಕರಗಿ ತೊಟ್ಟಿಕ್ಕುತ್ತದೆ. ನನ್ನ ಸಲಹೆ: ಅಡಿಕೆ ಒಣಗಿಸಿ ಮುಗಿದ ತಕ್ಷಣ ಸೋಗೆ ಇಳಿಸಿ ತೋಟಕ್ಕೆ ಹಾಕಿ. ಕಬ್ಬಿಣದ ಕಂಬದ ಮೇಲೆ ಪ್ಯಾಶನ್ ಫ್ರೂಟ್ ಬಳ್ಳಿ ಹಬ್ಬಿಸಿ, ಬಚ್ಚಲ ನೀರು ಅದರ ಬುಡಕ್ಕೆ ಬಿಡಿ. ಹಸಿ ಎಲೆಯ ಚಪ್ಪರ ಸುಲಭಕ್ಕೆ ಹತ್ತಿಕೊಳ್ಳುವುದಿಲ್ಲ, ನೆರಳು ಕೊಡುವುದರಲ್ಲಿ ಸೋಗೆಗೆ ಕಮ್ಮಿಯೂ ಇಲ್ಲ. ಬಳ್ಳಿ ತುಂಬಲು ಒಂದು ವರ್ಷ ಬೇಕು, ಈ ಬೇಸಿಗೆಗೆ ಬಸಳೆಯನ್ನೇ ಹಬ್ಬಿಸಿ ಸುಧಾರಿಸಿ.

ನೀರಿನ ಬಗ್ಗೆ ಒಂದು ಮಾತು. ಬೆಂಕಿ ಬಂದ ದಿನ ಕರೆಂಟು ಇರುವುದಿಲ್ಲ ಎಂದೇ ಇಟ್ಟುಕೊಳ್ಳಿ, ಪಂಪನ್ನು ನಂಬಿ ಕೂರಬೇಡಿ. ‘ನಮಗೆ ಅಬ್ಬಿ ನೀರಿದೆ’ ಎಂದು ಬೆಟ್ಟದ ಒರತೆಯನ್ನು ನಂಬಿದವರ ಪೈಪು ಬೆಟ್ಟದ ದರಕಿನ ಮೇಲೇ ಮಲಗಿರುತ್ತದೆ. ಬೆಂಕಿಗೆ ಮೊದಲು ಕರಗುವುದು ಅದೇ. ಒಂದಡಿ ಆಳಕ್ಕೆ ಹೂಳಿ. ಮನೆಗಿಂತ ಎತ್ತರದಲ್ಲಿ ಒಂದು ಟ್ಯಾಂಕಿ ಮಾರ್ಚ್‌ನಿಂದ ರೇವತಿ, ಅಶ್ವಿನಿ ಮಳೆ ಬೀಳುವವರೆಗೂ ತುಂಬಿರಲಿ, ಅದರಿಂದ ಕೊಟ್ಟಿಗೆವರೆಗೆ ಮುಟ್ಟುವ ಮೆದುಪೈಪು ಇರಲಿ.

ಬೆಂಕಿ ಕಂಡರೆ ಮೊದಲು ಫೋನು: ಅರಣ್ಯ ಸಹಾಯವಾಣಿ 1926, ತುರ್ತಿಗೆ 112, ತಂತಿ ಕಡಿದು ಬಿದ್ದಿದ್ದರೆ 1912. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ಉಪಗ್ರಹ ಎಚ್ಚರಿಕೆಗೆ ಸಾರ್ವಜನಿಕರೂ ಹೆಸರು ನೋಂದಾಯಿಸಬಹುದು, ಮಾಡಿಕೊಳ್ಳಿ. ಅದನ್ನೇ ನೆಚ್ಚಬೇಡಿ. ಆ ಉಪಗ್ರಹ ನಮ್ಮ ಮೇಲೆ ಹಾಯುವುದು ಮಧ್ಯಾಹ್ನ ಒಂದೂವರೆ, ರಾತ್ರಿ ಒಂದೂವರೆ ಆಸುಪಾಸಿಗೆ. ಮೂರು ಗಂಟೆಗೆ ಹೊತ್ತಿದ ಬೆಂಕಿ ಅದರ ಕಣ್ಣಿಗೆ ಬೀಳುವಷ್ಟರಲ್ಲಿ ನಿಮ್ಮ ಬೆಟ್ಟ ಮುಗಿದಿರುತ್ತದೆ. ಅದಕ್ಕಿಂತ ಊರಿನ ವಾಟ್ಸಾಪ್ ಗುಂಪು ಚುರುಕು.

ನೀವು ಬಡಿಯಲು ಹೋಗುವುದಾದರೆ ಮೊಣಕಾಲಿಗಿಂತ ತಗ್ಗಿನ ದರಕಿನ ಬೆಂಕಿಗೆ ಮಾತ್ರ. ಹತ್ತಿ ಬಟ್ಟೆ, ಬೂಟು. ಟೆರಿಕಾಟ್, ನೈಲಾನ್ ಚರ್ಮಕ್ಕೆ ಅಂಟುತ್ತದೆ. ಸುಟ್ಟ ಕಪ್ಪು ನೆಲದ ಕಡೆಯಿಂದ, ಪಕ್ಕದಿಂದ ಬಡಿಯುತ್ತ ಹೋಗಿ. ಬೆಂಕಿಯ ಮುಂದೆ, ಏರಿನ ಮೇಲ್ಭಾಗದಲ್ಲಿ ಎಂದೂ ನಿಲ್ಲಬೇಡಿ. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಾಡುಮನೆ ಬಳಿ ಬೆಂಕಿ ಆರಿಸಲು ಹೋಗಿ ತೀರಿಕೊಂಡವರು ತರಬೇತಾದ ಒಬ್ಬ ಅರಣ್ಯ ರಕ್ಷಕರು. ಅವರಿಗೇ ಹಾಗಾದರೆ ನಮ್ಮ ಪಾಡು ಯೋಚಿಸಿ. ‘ಎದುರು ಬೆಂಕಿ’ ಕೊಡುವ, ಅಂದರೆ ಬರುವ ಬೆಂಕಿಯ ಎದುರಿನಿಂದ ನಾವೇ ಸುಟ್ಟುಕೊಂಡು ಹೋಗುವ ಸಾಹಸ ಇಲಾಖೆಯವರಿಗೆ ಬಿಡಿ.

ಅಪ್ಪ ಅಮ್ಮನನ್ನು ಹೊಗೆ ಕಂಡ ಕೂಡಲೇ ಪೇಟೆಗೋ ನೆಂಟರ ಮನೆಗೋ ಕಳಿಸಿ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 2009ರ ಫೆಬ್ರವರಿ 7ರಂದು ಸತ್ತ 173 ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮನೆಯೊಳಗೇ ಸಿಕ್ಕಿಬಿದ್ದವರು. ನಿಂತು ಮನೆ ಉಳಿಸಿಕೊಳ್ಳಬಹುದು ಎಂಬ ಹಳೆಯ ಸಲಹೆಯನ್ನು ಅವರು ಆಮೇಲೆ ತಿದ್ದಿಕೊಂಡರು. ನಮ್ಮ ಬೆಂಕಿ ಅಷ್ಟು ಭೀಕರವಲ್ಲ, ಆದರೆ ನಮ್ಮ ಹಂಚಿನ ಮನೆಗೆ ಹೊಗೆ ತಡೆಯುವ ಬಾಗಿಲೇ ಇಲ್ಲ. ಒದ್ದೆ ಬಟ್ಟೆ ಮೂಗಿಗೆ ಕಟ್ಟಿದರೆ ಸಮಾಧಾನವಷ್ಟೇ, ಸಣ್ಣ ಕಣ ಒಳಗೆ ಹೋಗುತ್ತದೆ. ಎನ್‌95 ಮಾಸ್ಕು ನಾಲ್ಕು ಇಟ್ಟುಕೊಳ್ಳಿ. ಕೊಟ್ಟಿಗೆಯಲ್ಲಿ ದನದ ಕಣ್ಣಿ ಬಿಚ್ಚಿ ತೋಟಕ್ಕೆ ಅಟ್ಟಿ. ಅಡಿಕೆ ಸಸಿ ನಾಲ್ಕು ಹೋದರೆ ಹೋಗಲಿ.

ಅಪ್ಪನ ಸೆಕೆಯ ವಿಷಯ. ಹವಾಮಾನ ಇಲಾಖೆಯ ಉಷ್ಣ ಅಲೆಯ ಲೆಕ್ಕ ಬಯಲುಸೀಮೆಯಲ್ಲಿ 40 ಡಿಗ್ರಿಗೆ, ಕರಾವಳಿಯಲ್ಲಿ 37ಕ್ಕೆ ಶುರುವಾಗುತ್ತದೆ. ನಿಮ್ಮೂರಿನಲ್ಲಿ 36 ಇದ್ದ ದಿನ ಯಾವ ಎಚ್ಚರಿಕೆಯೂ ಬರದೇ ಇರಬಹುದು, ಆದರೆ ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಬಿಪಿ ಮಾತ್ರೆಗಳಲ್ಲಿ ಕೆಲವು ಮೂತ್ರದ ಮೂಲಕ ನೀರನ್ನು ಹೊರಹಾಕುವಂಥವು. ನೀವಾಗಿ ನಿಲ್ಲಿಸಬೇಡಿ, ಫೆಬ್ರವರಿಯಲ್ಲೇ ಚೀಟಿ ಹಿಡಿದು ವೈದ್ಯರ ಬಳಿ ‘ಸೆಕೆಗಾಲಕ್ಕೆ ಪ್ರಮಾಣ ಬದಲಿಸಬೇಕೇ’ ಎಂದು ಕೇಳಿ. ವಯಸ್ಸಾದವರಿಗೆ ಬಾಯಾರಿಕೆಯೇ ಗೊತ್ತಾಗುವುದಿಲ್ಲ. ಕೇಳುತ್ತ ಕೂರಬೇಡಿ, ಹೊತ್ತು ಹೊತ್ತಿಗೆ ಲೋಟ ಕೈಗಿಡಿ. ನೀರು ಮಜ್ಜಿಗೆ, ತಂಬುಳಿ, ಮುರುಗಲು ಪಾನಕ ಯಾವುದೂ ಸರಿ. ಸುಸ್ತಾದರೆ ಒಂದು ಲೀಟರ್ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮಾತು ತೊದಲಿದರೆ, ಗೊಂದಲಗೊಂಡರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಸುಸ್ತಲ್ಲ. 108ಕ್ಕೆ ಕರೆ ಮಾಡಿ, ಗಾಡಿ ಬರುವವರೆಗೆ ಕಾಯದೆ ಮೈಮೇಲೆ ನೀರು ಸುರಿದು ಗಾಳಿ ಹಾಕಿ, ಕುತ್ತಿಗೆಗೆ, ಕಂಕುಳಿಗೆ ತಣ್ಣೀರ ಬಟ್ಟೆ ಇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಬೇಡ.

ನಿಮಗೂ ಒಂದು ಮಾತು. ಹದಿನಾಲ್ಕು ವರ್ಷ ಫ್ಯಾನಿನಡಿ ಕೂತ ಮೈ ನಿಮ್ಮದು. ಬಿಸಿಲಿನ ಕೆಲಸಕ್ಕೆ ದೇಹ ಒಗ್ಗಲು ಒಂದೆರಡು ವಾರ ಬೇಕು. ಮೊದಲ ದಿನವೇ ಆಳಿನ ಸರಿಸಮಕ್ಕೆ ಬೆಟ್ಟ ಕೆರೆಯಲು ಹೋಗಬೇಡಿ. ಬೆಳಿಗ್ಗೆ ಆರರಿಂದ ಹತ್ತು, ಅಲ್ಲಿಗೆ ಸಾಕು.

ಹೋದ ವರ್ಷ ಸುಟ್ಟ ಜಾಗದ ಬಗ್ಗೆ ನೀವು ಏನೂ ಬರೆದಿಲ್ಲ. ಈಗ ಅಲ್ಲಿಗೆ ಹೋಗಿ ನೋಡಿ. ಮತ್ತಿ, ಹೊನ್ನೆಯ ಬುಡದಿಂದ ಹೊಸ ಚಿಗುರು ಎದ್ದಿದ್ದರೆ ಮುಟ್ಟಬೇಡಿ, ದನ ನುಗ್ಗದಂತೆ ಎರಡು ವರ್ಷ ಬೇಲಿ ಹಾಕಿ ಬಿಟ್ಟುಬಿಡಿ. ಬರೀ ಕಮ್ಯುನಿಸ್ಟ್ ಗಿಡ ಎದ್ದಿದ್ದರೆ ಹೂ ಬಿಡುವ ಮೊದಲು ಬೇರುಸಹಿತ ಕೀಳಿಸಬೇಕು, ಆ ಕೆಲಸಕ್ಕೆ ಮಳೆಗಾಲದ ಮೆತ್ತನೆಯ ನೆಲವೇ ಆಗಬೇಕು. ಎರಡರಲ್ಲಿ ಯಾವುದು ಎಂದು ಗೊತ್ತಾಗದಿದ್ದರೆ ಒಂದು ಫೋಟೊ ಕಳಿಸಿ.